ಹಾಡಿನಲ್ಲಿ ಇಲ್ಲದ ಅಗಳಿ

“ಆ ತಾಟು ಕೆಳಗ ಇಡಪಾ ವಸೀಮ. ನನ್ನ ಮಾತು ಇನ್ನೂ ಮುಗಿದಿಲ್ಲ,” ಎಂದಳು ಫರಹತ.

ಅದು ತಾಟಲ್ಲ, ಡ್ರಮ್ಸಿನ ಸಿಂಬಲ್. ಬೇರೆ ದಿನವಾಗಿದ್ದರೆ ಮೂವರೂ ಬಿದ್ದು ಬಿದ್ದು ನಗುತ್ತಿದ್ದರು. ಇವತ್ತು ತಿದ್ದುವ ಗೋಜಿಗೂ ಯಾರೂ ಹೋಗಲಿಲ್ಲ. ವಸೀಮ ಆ ಹಿತ್ತಾಳೆಯ ಬಿಲ್ಲೆಯನ್ನು ಹಳೆಯ ಚಾದರದಲ್ಲಿ ಸುತ್ತುತ್ತಲೇ ಇದ್ದ. ಹಾಡುಗಾರ ಅಮರೇಶ ಗೋಡೆಗೆ ಮುಖ ಮಾಡಿ ಗಿಟಾರಿನ ತಂತಿ ಒರೆಸುತ್ತಿದ್ದ. ಒರೆಸಲು ಅದರ ಮೇಲೆ ಏನೂ ಇರಲಿಲ್ಲ. ಬಾಸ್ ಗಿಟಾರಿನ ಋತುಜಾ ಇಬ್ಬರ ನಡುವೆ ಉಗುರು ಕಚ್ಚುತ್ತ ಕೂತಿದ್ದಳು.

ವಿಷಯ ಇಷ್ಟೇ. ‘ಕಟಕ ರೊಟ್ಟಿ’ ಎಂಬ ಈ ರಾಕ್ ಬ್ಯಾಂಡಿನ ಮೊದಲ ಆಲ್ಬಮ್ಮಿನ ಬಗ್ಗೆ ಅಂತರ್ಜಾಲದಲ್ಲಿ ‘ಕೆಲಗೇರಿ ಕಪ್ಪೆ’ ಎಂಬ ಹೆಸರಿನಲ್ಲಿ ವಿಮರ್ಶೆ ಬರೆದವರು ಯಾರು ಎಂದು ಫರಹತ ಇವತ್ತೇ ಪತ್ತೆ ಮಾಡಬೇಕು. ವಸೀಮನೇ ಬರೆದದ್ದೆಂದು ಅಮರೇಶ ಹಟ ಹಿಡಿದು ಕೂತಿದ್ದಾನೆ. ಸಂಜೆಯೊಳಗೆ ಸತ್ಯ ಹೊರಬೀಳದಿದ್ದರೆ ವಸೀಮ ಗೋವಾ ಬಸ್ಸು ಹತ್ತಿ ಅಲ್ಲಿನ ಹೋಟೆಲೊಂದರಲ್ಲಿ ಡ್ರಮ್ಸ್ ಬಾರಿಸಲು ಹೋಗುತ್ತಾನೆ. ಅಲ್ಲಿಗೆ ಬ್ಯಾಂಡೂ ಮುಗಿಯಿತು, ಒಂದನೇ ಇಯತ್ತೆಯಿಂದ ಒಂದೇ ಬೆಂಚಿನಲ್ಲಿ ಕೂತವರ ಗೆಳೆತನವೂ ಮುಗಿಯಿತು.

ಫರಹತಳ ಕಸುಬು ಮದುವೆ ವಿಚಾರಣೆ. ನವನಗರದಲ್ಲಿ ಟೇಲರ್ ಅಂಗಡಿಯ ಮೇಲೆ ಅವಳ ಪುಟ್ಟ ಕಚೇರಿ. ಹುಡುಗ ಕುಡಿಯುತ್ತಾನೋ, ಅತ್ತೆಯಾಗುವವಳ ಬಾಯಿ ಹೇಗೆ, ಇಂಥದ್ದನ್ನೇ ಕೆದಕುತ್ತ ನಲವತ್ತೈದು ದಾಟಿದವಳು. ರಾಕ್ ಸಂಗೀತ ಮಾತ್ರ ಅವಳ ಕಿವಿಗೆ ಹೊಸದು. ಋತುಜಾ ಬಂದು ಕಾಲು ಹಿಡಿಯುವುದೊಂದು ಬಾಕಿ ಎನ್ನುವಷ್ಟು ಬೇಡಿಕೊಂಡ ಮೇಲೆ, ಆ ಆಲ್ಬಮ್ಮನ್ನು ಪಾತ್ರೆ ತಿಕ್ಕುತ್ತ ಕೇಳಿದ್ದಳು. ಮೊದಲ ಸಲ ತಲೆನೋವು ಬಂತು. ಎರಡನೇ ಸಲ ಕಾಲು ತನ್ನಷ್ಟಕ್ಕೆ ತಾಳ ಹಾಕಿತು. ಮೂರನೇ ಸಲ ಕೊನೆಯ ಹಾಡು ಬಂದಾಗ ನಲ್ಲಿ ಬಂದ್ ಮಾಡಿ, ಸೋಪಿನ ಕೈಯಲ್ಲೇ ನಿಂತುಬಿಟ್ಟಳು.

ಆ ಕೊನೆಯ ಹಾಡೇ ಎಲ್ಲ ರಾಮಾಯಣಕ್ಕೆ ಕಾರಣ.

*ದುಂಡನ ರೊಟ್ಟಿ, ದುಂಡನ ದೀಪ,*
*ದೀಪ ದೊಡ್ಡದು ಮಾಡವ್ವಾ.*
*ಹೋದವರ ಹಾದಿ ಸಣ್ಣದಾತು,*
*ದೀಪ ದೊಡ್ಡದು ಮಾಡವ್ವಾ.*

ಬೆಂಗಳೂರಿನ ಪತ್ರಿಕೆಯೊಂದು ಇದನ್ನು ‘ಕತ್ತಲೆಯ ಕಾಲಕ್ಕೆ ಉತ್ತರ ಕರ್ನಾಟಕ ಕೊಟ್ಟ ಆಶಾಗೀತೆ’ ಎಂದು ಕರೆದು ಐದರಲ್ಲಿ ನಾಲ್ಕು ನಕ್ಷತ್ರ ಕೊಟ್ಟಿತು. ಇನ್ನೊಬ್ಬ ವಿಮರ್ಶಕರು ‘ಬೆಳಕನ್ನು ಹಿಗ್ಗಿಸುವ ಕರೆ’ ಎಂದು ಅರ್ಧ ಪುಟ ಬರೆದರು. ಅಮರೇಶ ಎರಡನ್ನೂ ಓದಿ ಸುಮ್ಮನಿದ್ದ. ಹೊಗಳುವವರ ಬಾಯಿ ಯಾರು ಮುಚ್ಚುತ್ತಾರೆ?

ಆಮೇಲೆ ಕಪ್ಪೆ ವಟಗುಟ್ಟಿತು. ಫರಹತ ಕನ್ನಡಕ ಏರಿಸಿ, ಫೋನಿನಲ್ಲಿದ್ದ ಆ ವಿಮರ್ಶೆಯನ್ನು ಮತ್ತೊಮ್ಮೆ ಗಟ್ಟಿಯಾಗಿ ಓದಿದಳು.

“‘ಬೆಂಗಳೂರಿನವರು ಪಾಪ, ತಪ್ಪು ತಿಳಿದರು. ದೀಪ ದೊಡ್ಡದು ಮಾಡು ಅಂದರೆ ಆರಿಸು ಅಂತ. ಆರಿಸು ಅನ್ನಲು ಬಾಯಿ ಬಾರದವರು ಆಡುವ ಮಾತು ಅದು. ಇದು ಆಶೆಯ ಹಾಡಲ್ಲ, ಕಾಯುವುದನ್ನು ಬಿಟ್ಟವರ ಹಾಡು. ಹುಡುಗನ ದನಿ ಒಳ್ಳೆಯದು. ಡ್ರಮ್ಸಿನವನು ಇನ್ನೂ ಒಳ್ಳೆಯವ, ಎಲ್ಲಿ ಸುಮ್ಮನಿರಬೇಕೋ ಅವನಿಗೆ ಗೊತ್ತು. ಆದರೆ ಹಾಡು ತಪ್ಪಿದೆ. ಹಾಡಿನಲ್ಲಿ ದೀಪ ದುಂಡಗಿದೆ. ಆ ದೀಪ ದುಂಡಗಿರಲಿಲ್ಲ, ಗೆರೆಯಂತಿತ್ತು. ಉದ್ದನೆಯ ಸಣ್ಣ ಗೆರೆ. ಗೆರೆ ಹೋಯಿತು, ಕದಕ್ಕೆ ಅಗಳಿ ಬಿತ್ತು. ಅಗಳಿಯ ಸಪ್ಪಳ ಇಲ್ಲದೆ ಈ ಹಾಡು ಮುಗಿಯುವುದಿಲ್ಲ.’”

ಫರಹತ ಕನ್ನಡಕ ಇಳಿಸಿ ಅಮರೇಶನ ಕಡೆ ತಿರುಗಿದಳು.

“ಅಮರೇಶ, ದೀಪಾ ದೊಡ್ಡದು ಮಾಡೂದು ಅಂದ್ರ ಆರಸೂದು ಅಂತ ಯಾರ್ಯಾರಿಗೆ ಗೊತ್ತೈತಿ?”

“ನಮ್ಮ ಮನ್ಯಾಗ ಅಷ್ಟರಿ ಅಕ್ಕಾರ,” ಗೋಡೆಯ ಕಡೆಗೇ ಮುಖ ಮಾಡಿಕೊಂಡು ಹೇಳಿದ ಅಮರೇಶ. “ನಮ್ಮ ಅವ್ವ ಅಂತಿದ್ಲು. ಹೊರಗಿನ ಮಂದ್ಯಾಗ ಒಬ್ಬಂಗ ಹೇಳೇನಿ. ಸ್ಟುಡಿಯೋದಾಗ ಆ ಹಾಡು ಮುಗಿಸಿ ಇಬ್ಬರೂ ಅತ್ತ ದಿನ. ಅಂವ ಅದನ್ನ ಊರ ಮುಂದ ಇಟ್ಟ.”

“ನಾ ಬರದಿಲ್ಲೋ ಮಾರಾಯಾ!” ವಸೀಮನ ದನಿ ಒಡೆಯಿತು.

“ಮತ್ತ ಡ್ರಮ್ಸಿನವನ್ನ ಅಷ್ಟ್ಯಾಕ ಹೊಗಳೈತಿ ಆ ಕಪ್ಪಿ? ತನ್ನ ಬೆನ್ನ ತಾನ ತಟ್ಟಿಕೊಂಡಂಗ ಐತಿ.”

“ನಾ ಬೈಯೂದಿದ್ರ ನಿನ್ನ ಮುಖಕ್ಕ ಬೈತೇನಲೇ. ಎರಡನೇ ಹಾಡಿನ್ಯಾಗ ನೀ ಬೇಸೂರ ಆಗತಿ ಅಂತ ಸ್ಟುಡಿಯೋದಾಗ ಎಲ್ಲಾರ ಮುಂದ ಹೇಳಲಿಲ್ಲೇನು? ಅದಕ್ಕ ನನಗ ಕಪ್ಪಿ ವೇಷಾ ಯಾಕ ಬೇಕು?”

ಫರಹತಳಿಗೆ ನಗು ಬಂತು. ಇಷ್ಟು ಚಂದ ಜಗಳವಾಡುವವರು ದೂರವಾಗಬಾರದು.

“ಅಮರೇಶ, ನಮ್ಮ ನಾನಿ ದಿನಾ ಮಲಗೋ ಮುಂದ ಏನಂತಿದ್ಲು ಗೊತ್ತೇನು? ‘ಚಿರಾಗ್ ಬಢಾ ದೋ ಬೇಟಿ.’ ಚಿರಾಗ್ ಅಂದ್ರ ದೀಪಾ, ಬಢಾ ಅಂದ್ರ ದೊಡ್ಡದು ಮಾಡು. ಬುಝಾ, ಅಂದ್ರ ಆರಸು, ಅನ್ನಾಕ ಆಕಿಗೂ ಬಾಯಿ ಬರತಿದ್ದಿಲ್ಲ. ಅಂಗಡಿ ಬಂದ್ ಮಾಡೂದಕ್ಕೂ ಹಂಗ, ‘ದುಕಾನ್ ಬಢಾ ದೋ’ ಅಂತಿದ್ಲು. ನಿಮ್ಮ ಅಡಗಿ ಮನಿ ಗುಟ್ಟು ನಮ್ಮ ಓಣ್ಯಾಗೂ ಇತ್ತಪಾ. ಅದು ಗೊತ್ತಿದ್ದವರೆಲ್ಲಾ ಕಳ್ಳರಾಗಂಗಿಲ್ಲ.”

ಅಮರೇಶ ಮೊದಲ ಸಲ ಗೋಡೆಯಿಂದ ಈ ಕಡೆ ತಿರುಗಿದ. ಕಣ್ಣು ಕೆಂಪಾಗಿದ್ದವು.

“ಇನ್ನ ಅಗಳಿ ಮಾತು. ವಸೀಮ, ಆವತ್ತಿನ ರಾತ್ರೀದ್ದು ಇವ ನಿನಗ ಏನೇನ ಹೇಳಿದ್ದ?”

“ಇವರ ಅಣ್ಣ ಮನಿ ಬಿಟ್ಟ ಹೋಗಿದ್ದು. ಅವ ಬರತಾನಂತ ಇವರ ಅವ್ವ ದಿನಾ ರಾತ್ರಿ ಹಿತ್ತಲ ಕದದ ಹಂತ್ಯಾಕ ದೀಪಾ ಹಚ್ಚಿಡತಿದ್ದದ್ದು. ಒಂದಿನ ಅಪ್ಪ ಸಾಕು, ದೊಡ್ಡದು ಮಾಡು ಅಂದದ್ದು. ಅಷ್ಟ ಆಪಾ. ಅಗಳಿ ಸುದ್ದಿ ನಾ ಈ ಕಪ್ಪಿ ಬಾಯಾಗನ ಮೊದಲ ಕೇಳಿದ್ದು.”

“ಅಮರೇಶ, ಆವತ್ತ ಅಗಳಿ...”

“ನೆನಪಿಲ್ರಿ.”

ಪ್ರಶ್ನೆ ಇನ್ನೂ ಮುಗಿದಿರಲಿಲ್ಲ. ನಿಜವಾಗಿ ನೆನಪಿಲ್ಲದವರು ಕಣ್ಣು ಮೇಲೆ ಮಾಡಿ ಒಂದು ಗಳಿಗೆಯಾದರೂ ಹುಡುಕಿ ನೋಡುತ್ತಾರೆ. ಎಷ್ಟೋ ವರರ ಬಾಯಲ್ಲಿ ಫರಹತ ಇಂಥ ಅವಸರದ ‘ನೆನಪಿಲ್ಲ’ ಕೇಳಿದ್ದಳು. ಆದರೆ ಆ ಹುಡುಗನ ಮುಖ ನೋಡಿ ಅದನ್ನು ಅಲ್ಲೇ ಕೆದಕಲು ಅವಳಿಗೆ ಮನಸ್ಸಾಗಲಿಲ್ಲ.

“ಆ ರಾತ್ರಿ ಮನ್ಯಾಗ ಯಾರ್ಯಾರ ಇದ್ರಿ?”

“ಅಪ್ಪ, ಅವ್ವ, ನಾನು. ನಾ ಏಳು ವರ್ಷದಾಂವ. ಅವ್ವ ಈಗ ಇಲ್ಲ.”

“ಹಂಗಾರ ಉಳದಾವ್ರು ನಿಮ್ಮಪ್ಪ.”

ಅಮರೇಶ ನಕ್ಕ. ಕೇಳಲು ಚೆನ್ನಾಗಿರಲಿಲ್ಲ ಆ ನಗು. “ನಮ್ಮಪ್ಪ? ಅಣ್ಣ ಬ್ಯಾಂಜೊ ಬಾರಸ್ತಾನಂತ ಅದನ್ನ ನೀರೊಲಿಗೆ ಹಾಕಿದಾಂವರಿ ನಮ್ಮಪ್ಪ. ಅದಕ್ಕ ಅಣ್ಣ ಮನಿ ಬಿಟ್ಟದ್ದು. ನಾ ಹಬ್ಬಕ್ಕ ಮನೀಗೆ ಹೋದ್ರ ‘ಊಟಾ ಮಾಡು’ ಅಂತಾನ, ‘ಹೋಗಿ ಬಾ’ ಅಂತಾನ. ನಡುವ ಒಂದ ಮಾತಿಲ್ಲ. ಅಂವ ನನ್ನ ಹಾಡು ಕೇಳತಾನ? ಕೇಳಿ ಬರೀತಾನ?”

ಫರಹತ ಗೋಡೆ ನೋಡುತ್ತಿದ್ದಳು. ಗೋಪನಕೊಪ್ಪದ ಆ ತಾಲೀಮು ಖೋಲಿಯ ಸದ್ದು ನೆರೆಹೊರೆಗೆ ಹೋಗದಿರಲೆಂದು ನಾಲ್ಕೂ ಗೋಡೆಗೆ ಗೋಣಿಚೀಲ ಬಡಿದಿದ್ದರು. ಚೀಲಗಳ ಮೂಲೆಯಲ್ಲಿ ಕೆಂಪು ಬಣ್ಣದ ನಂದಿಯ ಛಾಪು ಇತ್ತು. ಹತ್ತಿರ ಹೋಗಿ ಮೂಸಿದಳು. ಜೋಳದ ವಾಸನೆ ಇಲ್ಲ, ಕಡಲೆಯ ಧೂಳೂ ಇಲ್ಲ.

“ಈ ಚೀಲಾ ಎಲ್ಲಿಂದ ತಂದ್ರಿ?”

“ಹಳೇ ಚೀಲದವರು ಗಾಡ್ಯಾಗ ತಂದ ಇಳಿಸಿ ಹೋದ್ರು,” ಎಂದಳು ಋತುಜಾ. “ಯಾರೋ ಹೇಳ್ಯಾರ, ಇಟಗೋರಿ ಅಂದ್ರು. ನಂದಿ ಛಾಪು ಅಮರೇಶನ ಅಪ್ಪನ ಕಾಳಿನ ಅಂಗಡೀದು ಖರೆ, ಆದ್ರ ಅಂಥಾ ಹಳೇ ಚೀಲಾ ಊರ ತುಂಬ ತಿರಗತಾವ. ನಾವು ಖೋಲಿ ಮಾಲಕರು ಕಳಿಸ್ಯಾರೇನೋ ಅನಕೊಂಡ್ವಿ.”

“ಹಳೇ ಚೀಲಾ!” ಫರಹತ ಸೆರಗು ಸರಿಮಾಡಿಕೊಂಡಳು. “ವಸೀಮ, ನಾ ಬರೂತನಕ ಆ ತಾಟು ಸುತ್ತಬ್ಯಾಡ. ನನ್ನ ಮ್ಯಾಲ ಆಣಿ ಐತಿ.”

ಧಾನ್ಯದ ಪೇಟೆಯಲ್ಲಿ ಅದು ಹಮಾಲರು ಮರದ ನೆರಳಿಗೆ ಒರಗುವ ಹೊತ್ತು. ಕೆಂಪು ನಂದಿಯ ಫಲಕ ಹುಡುಕುವುದು ಕಷ್ಟವಾಗಲಿಲ್ಲ. ಅಂಗಡಿಯಲ್ಲಿ ಗಿರಾಕಿಗಳಿರಲಿಲ್ಲ. ಕಡಲೆ ಚೀಲಗಳ ಥಪ್ಪಿಯ ಹಿಂದಿನಿಂದ ಸಣ್ಣಗೆ ಗಿಟಾರ್ ಕೇಳಿಸುತ್ತಿತ್ತು. ಫರಹತ ಚಪ್ಪಲಿ ಬಿಟ್ಟು, ಸಪ್ಪಳ ಮಾಡದೆ ಒಳಗೆ ಹೋದಳು.

ಹಣೆ ತುಂಬ ವಿಭೂತಿ ಹಚ್ಚಿದ ಹಿರಿಯರೊಬ್ಬರು ಗಾದಿಯ ಮೇಲೆ ಕೂತಿದ್ದರು. ಎದುರಿಗೆ ಹಿತ್ತಾಳೆಯ ತಂಬಿಗೆ. ತಂಬಿಗೆಯೊಳಗೆ ಫೋನು. ತಂಬಿಗೆಯಲ್ಲಿಟ್ಟರೆ ಸದ್ದು ದೊಡ್ಡದಾಗುತ್ತದೆ, ಅದಕ್ಕೆ. ಅವರು ತಲೆ ಬಗ್ಗಿಸಿ, ಒಂದು ಕಿವಿಯನ್ನು ತಂಬಿಗೆಯ ಬಾಯಿಗೆ ಹಚ್ಚಿ, ಕಣ್ಣು ಮುಚ್ಚಿದ್ದರು. ಒಳಗೆ ಅಮರೇಶ ಹಾಡುತ್ತಿದ್ದ.

ಆ ನೋಟ ಕಂಡು ಫರಹತಳ ಎದೆ ಕರಗಿಹೋಯಿತು. ಕಪ್ಪೆ ಸಿಕ್ಕಿತು ಎಂದುಕೊಂಡಳು.

“ನೀರು ಕೊಡ್ತೀರೇನ್ರಿ ಕಾಕಾ?”

ಅಮರೇಶನ ಅಪ್ಪ ಚನ್ನಯ್ಯನವರು ಬೆಚ್ಚಿ, ಅಂಗೈಯಿಂದ ತಂಬಿಗೆಯ ಬಾಯಿ ಮುಚ್ಚಿದರು. ಹಾಡು ಒಳಗೇ ಗೊಣಗಿತು. ಅವಸರದಲ್ಲಿ ಫೋನು ತೆಗೆದು ಬಂದ್ ಮಾಡಿ, ಕಳ್ಳತನದಲ್ಲಿ ಸಿಕ್ಕ ಹುಡುಗನ ಹಾಗೆ ಅಂಗಿಯ ಕಿಸೆಗೆ ತುರುಕಿದರು.

“ಬರ್ರಿ ಬಾಯಾರ, ಕೂಡ್ರಿ. ಬಿಸಲಾಗ ಬಂದೀರಿ,” ಎಂದು ಬೆಲ್ಲದ ಚೂರು, ನೀರು ತಂದು ಇಟ್ಟರು.

ಅವಳು ತನ್ನ ಹೆಸರು, ಕಸುಬು ಹೇಳಿ, ಅಮರೇಶನ ವಿಷಯಕ್ಕೆ ಬಂದಿದ್ದೇನೆ ಎಂದಳು. ಮದುವೆ ವಿಚಾರಣೆ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಚನ್ನಯ್ಯನವರ ಮುಖ ಅರಳಿತು. ಫರಹತ ತಿದ್ದಲು ಬಾಯಿ ತೆರೆದಳು, ಆಮೇಲೆ ಮುಚ್ಚಿಕೊಂಡಳು. ಅವಳ ಕಸುಬಿನಲ್ಲಿ ಇಂಥ ತಪ್ಪು ತಿಳಿವಳಿಕೆ ದೇವರು ಕೊಟ್ಟ ವರ.

“ಹುಡುಗ ಭಾಳ ಛಲೋರಿ. ಕುಡಿಯಂಗಿಲ್ಲ, ಸೇದಂಗಿಲ್ಲ. ಗೆಳ್ಯಾರೂ ಛಲೋ ಅದಾರ. ಶರೀಫಸಾಬರ ಮಗಾ ವಸೀಮ ಅಂತ, ಗ್ಯಾರೇಜಿನವರು, ಜೀವಕ್ಕ ಜೀವಾ ಕೊಡೋ ಹುಡುಗ.”

“ಹಾಡತಾನಂತ?”

“ಹಾಡತಾನ್ರಿ. ದನಿ ಅವರವ್ವಂದು ಬಂದೈತಿ. ಎರಡನೇ ಹಾಡಿನ್ಯಾಗ ಒಂದೀಟು ಬೇಸೂರ ಆಗತಾನ, ಅದು ದೊಡ್ಡ ಮಾತಲ್ಲ, ಸರಿ ಆಗತೈತಿ...” ಎಂದವರು ಥಟ್ಟನೆ ನಿಲ್ಲಿಸಿದರು. ಕಿವಿ ಕೆಂಪಾದವು.

“ಕಾಕಾ, ಆ ಹುಡುಗರ ಖೋಲಿ ಗ್ವಾಡಿಗೆ ಬಡದದ್ದು ನಿಮ್ಮ ಚೀಲಾ. ಒಮ್ಮೆಯೂ ಕಾಳು ಕಾಣದ ಹೊಸಾ ಚೀಲಾ. ಹಳೇವು ಅಂತ ಹೇಳಿ ಕಳಿಸೀರಿ.”

ಚನ್ನಯ್ಯನವರು ಗಾದಿಯ ಅಂಚಿನ ದಾರ ಎಳೆಯುತ್ತ ಕೂತರು. “ಹಳೇ ಚೀಲದಾಗ ಧೂಳ ಇರತೈತ್ರಿ,” ಎಂದರು ಕೊನೆಗೆ. “ಹಾಡೋ ಗಂಟಲಿಗೆ ಧೂಳ ಆಗಂಗಿಲ್ಲ. ನಾ ಕಳಿಸಿದ್ದು ಅಂತ ಗೊತ್ತಾದ್ರ ಕಿತ್ತ ಒಗೀತಿದ್ದ.”

ಫರಹತ ಒಂದು ಗುಟುಕು ನೀರು ಕುಡಿದಳು.

“ಮುಖಕ್ಕ ಹೇಳಾಕ ಆಗದ್ದನ್ನ ಕಪ್ಪಿ ಹೆಸರಿನ್ಯಾಗ ಬರದೀರಿ. ಹೌದಲ್ಲ? ನೀವು ಬರದದ್ದಕ್ಕ ಆ ವಸೀಮ ಇವತ್ತ ಊರು ಬಿಡಾಕತ್ತಾನ್ರಿ. ನಿಮ್ಮ ಮಗಾ ಅವನ ಮ್ಯಾಲ ಹಾಕ್ಯಾನ.”

“ಕಪ್ಪಿ?” ಚನ್ನಯ್ಯನವರು ಕಣ್ಣು ಪಿಳುಕಿಸಿದರು. “ಯಾ ಕಪ್ಪಿರಿ? ನಾ ಏನ ಬರದೆ?”

ನಟನೆಯಲ್ಲ. ಹಾಗೆ ನಟಿಸುವವರು ಅಂಗೈಯಿಂದ ತಂಬಿಗೆ ಮುಚ್ಚುವುದಿಲ್ಲ. ಫರಹತ ತನ್ನ ಫೋನು ಮುಂದೆ ಹಿಡಿದಳು.

ಅವರು ಕನ್ನಡಕ ಹಾಕಿಕೊಂಡು, ತುಟಿ ಅಲುಗಿಸುತ್ತ ನಿಧಾನವಾಗಿ ಓದಿದರು. ‘ಹುಡುಗನ ದನಿ ಒಳ್ಳೆಯದು’ ಎಂಬಲ್ಲಿ ತಲೆದೂಗಿದರು. ಡ್ರಮ್ಸಿನವನ ಹೊಗಳಿಕೆಗೆ “ಖರೇ ಐತಿ” ಎಂದರು. ಆಮೇಲೆ ತುಟಿ ನಿಂತಿತು. ಹಿಂದಕ್ಕೆ ಹೋಗಿ ಅದೇ ಸಾಲನ್ನು ಮತ್ತೆ ಓದಿದರು.

“ಗೆರಿ,” ಎಂದರು.

“ಏನ್ರಿ ಕಾಕಾ?”

“ದೀಪಾ ನಮ್ಮ ಅಡಗಿ ಮನ್ಯಾಗ ಗ್ವಾಡಿ ಗೂಡಿನ್ಯಾಗ ಇರತಿತ್ತು. ಹಿತ್ತಲ ಕದದ ಎದರಿಗೆ. ಒಳಗ ಇದ್ದವರಿಗೆ ಅದು ದುಂಡಗನ ಕಾಣತಿತ್ತವ್ವಾ. ನನಗೂ ದುಂಡಗ, ಆಕಿಗೂ ದುಂಡಗ, ಅಮರಗೂ ದುಂಡಗ. ಹಾಡಿನ್ಯಾಗೂ ಅವ ಹಂಗ ಅಂದಾನ. ಅದು ಗೆರಿಯಂಗ ಕಾಣೂದು...” ಅವರು ಎರಡೂ ಅಂಗೈಗಳನ್ನು ಕದದ ಹಲಗೆಗಳ ಹಾಗೆ ಜೋಡಿಸಿ, ನಡುವೆ ಕೂದಲೆಳೆಯಷ್ಟು ಸಂದಿ ಬಿಟ್ಟು ತೋರಿಸಿದರು. “ಹಿಂಗ ಮುಚ್ಚಿದ ಕದದ ಸಂದ್ಯಾಗಿಂದ ನೋಡಿದವರಿಗೆ ಅಷ್ಟ.”

ಫರಹತಳ ಮೈ ಜುಮ್ಮೆಂದಿತು. ಇಷ್ಟು ಹೊತ್ತು ಅವಳು ಮನೆಯೊಳಗಿದ್ದವರನ್ನೇ ಲೆಕ್ಕ ಹಾಕಿದ್ದಳು. ಬರೆದವನು ಒಳಗಿರಲೇ ಇಲ್ಲ. ಅವನು ಹೊರಗೆ, ಹಿತ್ತಲಿನ ಕತ್ತಲೆಯಲ್ಲಿ ನಿಂತಿದ್ದ.

“ಬಂದಿದ್ದ,” ಎಂದರು ಚನ್ನಯ್ಯನವರು. “ನನ್ನ ಬಸು ಬಂದಿದ್ದ. ಬಸವಪ್ರಭು. ನನ್ನ ಹಿರೇ ಮಗಾ.”

ಅವರು ಅಳಲು ನಾಚಿಕೊಳ್ಳಲಿಲ್ಲ. ಶಲ್ಯದಿಂದ ಮುಖ ಮುಚ್ಚಿಕೊಂಡು ಅತ್ತರು. ಫರಹತ ಪರಗಂಡಸು, ಪೇಟೆ ಎಂದು ನೋಡದೆ ಅವರ ಮೊಣಕೈ ಹಿಡಿದು ಕೂತಳು. ಅವಳ ಕಣ್ಣಲ್ಲೂ ನೀರು ತುಂಬಿತ್ತು.

“ಇಲ್ಲ, ಬಂದಿದ್ರ ಕೆಮ್ಮತಿದ್ದ,” ಎಂದು ಅವರೇ ಮತ್ತೆ ತಲೆ ಅಲ್ಲಾಡಿಸಿದರು. “ಎರಡ ಸಲ ಕೆಮ್ಮಲಾರದ ಅಂವ ಒಳಗ ಕಾಲಿಡತಿದ್ದಿಲ್ಲ. ನಾನ ಕಲಿಸಿದ್ದು. ಹೆಣ್ಣಮಕ್ಕಳಿದ್ದ ಮನಿ, ಕೆಮ್ಮಿ ಬರಬೇಕು ಅಂತ. ಆದರ ನನಗ ಹೆಂಗ ಕೇಳಬೇಕು? ಸಾಕು, ದೊಡ್ಡದು ಮಾಡು ಅಂತ ಒದರಿ ನಾ ಪಡಸಾಲಿಗೆ ಬಂದು ಕುಂತಿದ್ದೆ. ಆಕಿ ಶಿವಲಿಂಗವ್ವ, ದೀಪಾ ದೊಡ್ಡದು ಮಾಡಿದವಳ ದೇವರ ಮನಿ ಸೇರಿ ದನಿ ತಗದ ಅಳಾಕತ್ತಿದ್ಲು.”

“ಮತ್ತ ಅಗಳಿ?”

“ಅಗಳಿ ಹಾಕೂದು ಅಮರನ ಕೆಲಸ. ಎಟಗತಿದ್ದಿಲ್ಲ, ರುಬ್ಬೂ ಒಳ್ಳಿನ ಮ್ಯಾಲ ಹತ್ತಿ ಹಾಕತಿದ್ದ. ದಿನಾ ಅಂವಂದ...”

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಆ ಅವಸರದ ‘ನೆನಪಿಲ್ರಿ’ ಫರಹತಳ ಕಿವಿಯಲ್ಲಿ ಮತ್ತೊಮ್ಮೆ ಕೇಳಿಸಿತು.

“ಕೂಸು ಅದು,” ಚನ್ನಯ್ಯನವರು ಪಿಸುಗುಟ್ಟಿದರು. “ದಿನಾ ಹಾಕಿದಂಗ ಹಾಕೇತಿ. ಅವಂಗ ಗೊತ್ತಿಲ್ಲ. ಗೊತ್ತಾಗೂದೂ ಬ್ಯಾಡ ನೋಡ್ರಿ.”

ಹೊರಗೆ ಒಂದು ಗಾಡಿ ಚೀಲ ಹೇರಿಕೊಂಡು ಹೋಯಿತು. ಅದರ ಸದ್ದು ಅಡಗಿದ ಮೇಲೆ ಅವರು ಫೋನಿನ ಗಾಜಿನ ಮೇಲೆ ಬೆರಳಿಟ್ಟು, ‘ಕೆಲಗೇರಿ ಕಪ್ಪೆ’ ಎಂಬ ಹೆಸರನ್ನು ಮೆಲ್ಲಗೆ ಸವರಿದರು.

“ಕೆಲಗೇರಿ ಅಂದ್ರ ಇಲ್ಲೇ ಧಾರವಾಡ. ಬಸ್ಸು ಹತ್ತಿದ್ರ ಬರೋ ಊರು. ಇಷ್ಟು ವರ್ಷ ಇಲ್ಲೇ ಇದ್ದನೇನು? ಕೆರಿ ದಂಡಿಗೆ ಕುಂತು ತಮ್ಮನ ಹಾಡು ಕೇಳಾಕತ್ತಾನೇನು?... ಇದರಾಗ ಅವಂಗ ಹೇಳಿ ಕಳಸಾಕ ಬರತೈತೇನವ್ವಾ?”

ಬರುತ್ತಿತ್ತು. ವಿಮರ್ಶೆಯ ಕೆಳಗೆ ಓದುಗರು ಬರೆಯುವ ಜಾಗವಿತ್ತು. ಕಪ್ಪೆಗೆ ಅದೊಂದು ಚಟ, ಬೈದವರಿಗೂ ಹೊಗಳಿದವರಿಗೂ ಕೂತಲ್ಲೇ ಉತ್ತರ ಕೊಡುತ್ತಿತ್ತು.

“ಹೇಳ್ರಿ, ಬರೀತೇನಿ.”

ಚನ್ನಯ್ಯನವರು ಗಂಟಲು ಸರಿಮಾಡಿಕೊಂಡರು. ಇಪ್ಪತ್ತೆರಡು ವರ್ಷದ ಮಾತು ಒಳಗಿತ್ತು. ಬಂದದ್ದು ಇಷ್ಟೇ. “ಬಸೂ, ಕದಾ ತಗದೈತಿ. ಬಾ.”

ಫರಹತ ಅದನ್ನೇ ಬರೆದು ಕಳಿಸಿದಳು. ಚನ್ನಯ್ಯನವರು ತಂಬಿಗೆಯನ್ನು ಮಡಿಲಲ್ಲಿಟ್ಟುಕೊಂಡು ಕೂತರು. ತೂಕದ ಕಲ್ಲುಗಳ ಮೇಲೆ ಒಂದು ಗುಬ್ಬಿ ಬಂದು ಕೂತು, ಕಾಳು ಹುಡುಕಿ, ಹಾರಿಹೋಯಿತು. ಉತ್ತರ ಬರುವುದಿಲ್ಲ ಎಂದು ಫರಹತ ಸಮಾಧಾನದ ಮಾತು ಹುಡುಕುತ್ತಿರುವಾಗಲೇ ಫೋನು ಮಿಸುಕಿತು.

ಅವಳು ಓದಿದಳು. “‘ನನ್ನನ್ನ ಬಸೂ ಅಂತಿದ್ದವರು ಒಬ್ಬರೇ. ಅಪ್ಪಾ, ಒಂದೇ ಒಂದು ಕೇಳಬೇಕಾಗಿದೆ. ದೀಪ ದೊಡ್ಡದು ಮಾಡು ಅಂದದ್ದು ನೀವು, ಅದು ಕೇಳಿದೆ. ಸಿಟ್ಟಿನಲ್ಲಿ ಅಂದಿರಿ ಅಂತ ಅವತ್ತೇ ಮರೆತೆ. ಆದರೆ ನಾನು ಹೊರಗಿದ್ದೇನೆ ಅಂತ ತಿಳಿದ ಮೇಲೂ ಅಗಳಿ ಬಿತ್ತು. ಅದನ್ನು ಹಾಕಿದ್ದು ನೀವೋ, ಅವ್ವನೋ? ಅದೊಂದು ಖರೇ ಹೇಳಿದರೆ ಬರ್ತೇನಿ.’”

ಫರಹತ ಓದಿ ಮುಗಿಸಿದರೂ ಚನ್ನಯ್ಯನವರು ಅವಳ ಬಾಯನ್ನೇ ನೋಡುತ್ತಿದ್ದರು. ‘ಬರ್ತೇನಿ’ ಎಂಬಲ್ಲಿಯೇ ಅವರ ಜೀವ ನಿಂತಿತ್ತು.

“ನಾನ ಅಂತ ಬರೀರಿ.”

“ಕಾಕಾ, ಅದು ಸುಳ್ಳು. ಅಂವ ಖರೇ ಕೇಳ್ಯಾನ.”

“ಆಗಲಿ. ಸತ್ತಾಕಿ ಹೆಸರು ಹೇಳಂಗಿಲ್ಲ. ಸಣ್ಣಾಂವನ ಹೆಸರಂತೂ ಹೇಳಾಂಗ ಇಲ್ಲ. ದೀಪಾ ದೊಡ್ಡದು ಮಾಡಿಸಿದಾಂವ ನಾ, ಅಗಳೀನೂ ನನ್ನ ಮ್ಯಾಲ ಇರಲಿ. ಬ್ಯಾಂಜೊ ಸುಟ್ಟಾಂವಗ ಅಗಳಿ ಒಂದು ಹೆಚ್ಚಾತೇನು? ಬರೀ ತಂಗಿ. ನಿನ್ನ ಕಾಲಿಗೆ ಬೀಳತೇನಿ.”

“ಅಯ್ಯ, ಹಂಗೆಲ್ಲಾ ಅನ್ನಬ್ಯಾಡ್ರಿ!”

ಎಷ್ಟೋ ಮನೆಗಳ ಸುಳ್ಳನ್ನು ಬಯಲಿಗೆಳೆದು ಹೊಟ್ಟೆ ಹೊರೆದವಳು ಫರಹತ. ಇವತ್ತು ತನ್ನ ಕೈಯಾರೆ ಒಂದು ಸುಳ್ಳು ಬರೆಯಬೇಕಾಗಿ ಬಂದಿತ್ತು, ಅದೂ ಇಷ್ಟು ಒಳ್ಳೆಯ ಸುಳ್ಳು. ‘ನಾನೇ’ ಎಂದು ಒತ್ತಿದಳು. ಕಳಿಸುವ ಗುರುತಿನ ಮೇಲೆ ಹೆಬ್ಬೆರಳು ಇಟ್ಟವಳು ಒತ್ತಲಾರದೆ ಕೂತಳು.

ಬಾಗಿಲಲ್ಲಿ ಬೈಕು ನಿಂತ ಸದ್ದಾಯಿತು.

“ಆಪಾ, ಬೈಬ್ಯಾಡ್ರಿ,” ವಸೀಮ ಹೊಸ್ತಿಲಲ್ಲಿ ನಿಂತಿದ್ದ. ಅವನ ಹಿಂದೆ ಅಮರೇಶ, ವಸೀಮನ ಅಂಗಿಯ ತುದಿ ಹಿಡಿದುಕೊಂಡು, ಶಾಲೆಗೆ ಬಂದ ಮೊದಲ ದಿನದ ಹುಡುಗನ ಹಾಗೆ. “ನೀವು ಅಗಳಿ ಸುದ್ದಿ ಎತ್ತಿ ಹೋದಾಗಿಂದ ಇವ ಒಂದ ಸವನ ಅಳಾಕತ್ತಾನ. ಅಪ್ಪನ ಕಡೆ ಕರಕೊಂಡ ಹೋಗು ಅಂದ. ಮಾತ ಬಿಟ್ಟೇನಿ ಖರೆ, ಅಳಾಂವನ್ನ ಬಿಟ್ಟ ಹೆಂಗ ಹೋಗಲಿ?”

ಗೋವಾ ಬಸ್ಸಿನ ಮಾತು ಯಾರೂ ಎತ್ತಲಿಲ್ಲ.

ಅಮರೇಶ ಅಪ್ಪನ ಮಡಿಲಿನ ತಂಬಿಗೆ ನೋಡಿದ. ಫರಹತಳ ಕೈಯ ಫೋನಿನ ಮೇಲಿದ್ದದ್ದನ್ನು ಓದಿದ, ಪ್ರಶ್ನೆಯನ್ನೂ, ಕೆಳಗೆ ಇನ್ನೂ ಹೋಗದೆ ನಿಂತಿದ್ದ ‘ನಾನೇ’ ಎಂಬ ಉತ್ತರವನ್ನೂ. ಓದಿ, ಕಡಲೆ ಚೀಲಕ್ಕೆ ಒರಗಿ ಕುಸಿದು ಕೂತ.

“ಅದನ್ನ ಕಳಸಬ್ಯಾಡ್ರಿ ಅಕ್ಕಾರ. ಅಗಳಿ ಹಾಕಿದಾಂವ ನಾನು.”

“ಅದು ಲೆಕ್ಕಕ್ಕಿಲ್ಲೋ ತಮ್ಮಾ,” ಚನ್ನಯ್ಯನವರು ಗಾದಿಯಿಂದ ಇಳಿದು ಬಂದು ಅವನ ತಲೆ ಎದೆಗೆ ಒತ್ತಿಕೊಂಡರು. ವರ್ಷಗಟ್ಟಲೆ ಮುಟ್ಟದ ತಲೆ ಅದು. “ನೀ ಸಣ್ಣ ಕೂಸು. ದಿನಾ ಹಾಕಿದಂಗ ಹಾಕಿದಿ. ಹೊರಗ ಅಣ್ಣ ಅದಾನಂತ ನಿನಗೇನ ಗೊತ್ತು?”

ಅಮರೇಶ ಅಪ್ಪನ ಎದೆಯಿಂದ ಮುಖ ಎತ್ತಲಿಲ್ಲ.

“ಎರಡ ಸಲ ಕೆಮ್ಮಿದ ಅಪ್ಪಾ. ಕೇಳಿತು. ಅಣ್ಣ ಬಂದಾನ ಅಂತ ಗೊತ್ತಾದ ಮ್ಯಾಲನ ಒಳ್ಳು ಹತ್ತಿ ಹಾಕಿದೆ.”